ಚಾರ್ಲ್ಸ್‌ಟನ್ ಪಟ್ಟಣಕ್ಕೆ ಬೇಸಗೆಯ ಕಿರುಪ್ರವಾಸ

ನಮ್ಮ ಶಾಲೆಯ ಹಳೇ ವಿದ್ಯಾರ್ಥಿನಿಯರಲ್ಲಿ ಅನೇಕರ ಮಕ್ಕಳು ಇಂದು ಅಮೇರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಉದ್ಯೋಗದಲ್ಲಿರುವರು. ಬಾಣಂತನಕ್ಕೆಂದೋ ಮೊಮ್ಮಕ್ಕಳ ಮುಖವನ್ನು ನೋಡಿಬರಬೇಕೆಂದೋ ತಾಯಂದಿರು ಆ ದೇಶಕ್ಕೆ ಹೋಗುವುದು ಸಾಮಾನ್ಯವಾಗಿ ಬೇಸಗೆಯಲ್ಲಿಯೇ. ಅಲ್ಲಿನ ಶಾಲೆಗಳಿಗೆ ದೀರ್ಘವಾದ ರಜೆ ಬರುವುದೂ ಆ ಕಾಲದಲ್ಲಿಯೇ. ಮಕ್ಕಳು ದಕ್ಷಿಣದ ಸೀಮೆಯಲ್ಲಿ, ಅಂದರೆ ಅಟ್ಲಾಂಟದಲ್ಲಿಯೋ ಶಾರ್ಲಟ್‌ನಲ್ಲಿಯೋ ವಾಸವಾಗಿದ್ದ ಪಕ್ಷದಲ್ಲಿ, ಎರಡು ಮೂರು ದಿನಗಳ ಬಿಡುವಿನಲ್ಲಿ ಅಮ್ಮನಿಗೆ ಯಾವ ಊರನ್ನು ತೋರಿಸೋಣ ಎಂಬ ಪ್ರಶ್ನೆ ಹುಟ್ಟುತ್ತದೆ. ಅಂಥವರಿಗೆ ನಾನು ಸೂಚಿಸುವ ಊರು ದಕ್ಷಿಣ ಕ್ಯಾರೊಲೈನಾ ಸಂಸ್ಥಾನದ ಕಡಲ ತೀರದಲ್ಲಿರುವ ಚಾರ್ಲ್ಸ್‌ಟನ್. ಶಾರ್ಲಟ್‌ನಿಂದ ಅದು ಸುಮಾರು ೨೦೦ ಮೈಲಿ, ಅಟ್ಲಾಂಟದಿಂದ ಸುಮಾರು ೩೦೦ ಮೈಲಿ ದೂರವಿದೆ. ಮೋಟಾರಿನಲ್ಲಿ ಹೋಗಿಬರಲು ತಕ್ಕ ಅಂತರವೇ ಸರಿ.

ಆ ಊರನ್ನು ನೋಡುವುದಕ್ಕೆ ಎರಡು ವಿಧಗಳುಂಟು. ಒಂದು, ಕುದುರೆ ಗಾಡಿಯಲ್ಲಿ ಕುಳಿತು, ಬಣ್ಣಬಣ್ಣದ ಹಳೆಯ ಮನೆಗಳನ್ನೂ ಉದ್ಯಾನಗಳನ್ನೂ ನೋಡಿ, ಸಿಗಡಿಯ ಊಟ ಮಾಡಿ, ಎಷ್ಟು ಸೊಗಸಾದ ಊರು ಎಂದು ಹೇಳುತ್ತಾ ಮರಳುವುದು. ಬರುವವರಲ್ಲಿ ಹೆಚ್ಚು ಮಂದಿ ಹೀಗೆಯೇ ಮಾಡುವರು. ಅದರಲ್ಲಿ ಪಾಪವೇನೂ ಇಲ್ಲ. ಎರಡನೆಯದು, ಆ ಮನೆಗಳನ್ನು ಕಟ್ಟಿದವರು ಯಾರು, ಅವುಗಳಿಗೆ ಬೇಕಾದ ಹಣ ಬಂದದ್ದು ಎಲ್ಲಿಂದ ಎಂಬುದನ್ನು ಜೊತೆಜೊತೆಯಾಗಿಯೇ ವಿಚಾರಿಸುತ್ತಾ ನಡೆಯುವುದು. ಇರುವುದು ಎರಡೇ ದಿನಗಳಾದುದರಿಂದ, ಮೊದಲೇ ಕ್ರಮವನ್ನು ಗೊತ್ತುಮಾಡಿಕೊಳ್ಳದೆ ಹೋದರೆ ಮೊದಲನೆಯ ವಿಧವೇ ತಾನಾಗಿ ನಡೆದುಹೋಗುತ್ತದೆ. ಆದಕಾರಣ ಈ ಲೇಖನ.

ಇಂಗ್ಲಿಷರು ಈ ನೆಲಸುನಾಡನ್ನು ಸ್ಥಾಪಿಸಿದ್ದು ೧೬೭೦ರಲ್ಲಿ. ಹತ್ತು ವರ್ಷಗಳ ತರುವಾಯ ಊರನ್ನು ಈಗಿನ ಸ್ಥಳಕ್ಕೆ ಬದಲಾಯಿಸಿದರು. ಪಶ್ಚಿಮಕ್ಕೆ ಆಶ್ಲಿ ನದಿ, ಪೂರ್ವಕ್ಕೆ ಕೂಪರ್ ನದಿ, ಇವೆರಡರ ನಡುವೆ ನಾಲಗೆಯಂತೆ ಚಾಚಿಕೊಂಡಿರುವ ತಗ್ಗಾದ ಭೂಮಿ ಅದು. ಅರಸನಾದ ಎರಡನೆಯ ಚಾರ್ಲ್ಸನ ಹೆಸರಿನಿಂದ ಚಾರ್ಲ್ಸ್ ಟೌನ್ ಎಂದು ಕರೆಯಲ್ಪಡುತ್ತಿದ್ದ ಊರಿಗೆ ೧೭೮೩ರಲ್ಲಿ ಚಾರ್ಲ್ಸ್‌ಟನ್ ಎಂಬ ಹೆಸರು ಸ್ಥಿರವಾಯಿತು. ಬತ್ತದಿಂದಲೂ ನೀಲಿಯಿಂದಲೂ ಅದು ಐಶ್ವರ್ಯವಂತವಾದ ಪಟ್ಟಣವಾಯಿತು. ನೀಲಿಯ ಬೆಳೆಯನ್ನು ಅಲ್ಲಿ ಊರ್ಜಿತಕ್ಕೆ ತಂದವರಲ್ಲಿ ಮುಖ್ಯಳು ಎಲೈಜಾ ಲೂಕಸ್ ಎಂಬ ಹುಡುಗಿ; ತಂದೆ ದೂರದೇಶದಲ್ಲಿದ್ದಾಗ ಹದಿನಾರನೆಯ ವಯಸ್ಸಿನಲ್ಲಿಯೇ ಮೂರು ತೋಟಗಳ ಆಡಳಿತವನ್ನು ವಹಿಸಿಕೊಂಡವಳು. ಮುಂದೆ ಅಮೇರಿಕ ಸ್ವತಂತ್ರವಾದ ಮೇಲೆ ಆ ನೀಲಿಯ ವ್ಯಾಪಾರ ಬಿದ್ದುಹೋದುದಕ್ಕೆ ನಮ್ಮ ಹಿಂದೂಸ್ಥಾನದ ನೀಲಿಯ ಪೈಪೋಟಿಯೂ ಒಂದು ಕಾರಣ. ಆದರೆ ಎಲೈಜಾಳ ತೋಟಗಳಲ್ಲಿ ಬೆವರು ಸುರಿಸಿದವರು ಆಕೆಯಲ್ಲ, ಆಫ್ರಿಕದಿಂದ ಹಿಡಿದು ತರಲ್ಪಟ್ಟ ದಾಸರು. ಬತ್ತದ ಸಂಗತಿಯಂತೂ ಇನ್ನೂ ವಿಶೇಷವಾದದ್ದು. ಪಶ್ಚಿಮ ಆಫ್ರಿಕದ ಜನರು ತಲೆತಲಾಂತರದಿಂದ ಗದ್ದೆ ಮಾಡಿದವರು. ನೀರು ಕಟ್ಟುವ, ನೀರು ಬಿಡುವ ಅವರ ಆ ವಿದ್ಯೆಯೂ ಅವರ ತೋಳುಗಳೊಂದಿಗೆ ಮಾರಲ್ಪಟ್ಟಿತು.

ಇನ್ನು ಹವೆಯ ವಿಚಾರ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನದ ಉಷ್ಣತೆ ಸುಮಾರು ೯೦ ಡಿಗ್ರಿ ಫಾರನ್‌ಹೀಟ್. ಅಂಕಿಯನ್ನು ನೋಡಿ ಬಳ್ಳಾರಿಯವರು ನಗಬಹುದು. ಆದರೆ ಮಂಗಳೂರಿನವರು ನಗಲಾರರು, ಯಾಕೆಂದರೆ ಅದು ಮಂಗಳೂರಿನ ಮೇ ತಿಂಗಳಿನಂಥ ಬೆವರಿನ ಸೆಕೆ. ನಾನು ಮೊದಲ ಸಲ ಹೋದಾಗ ಈ ದೇಶದವಳಿಗೆ ಬಿಸಿಲು ಏನು ಮಾಡೀತು ಎಂಬ ಧೈರ್ಯದಿಂದ ಎರಡು ಗಂಟೆಯ ಹೊತ್ತಿನಲ್ಲಿ ಕಡಲ ದಂಡೆಯ ಮೇಲೆ ನಡೆದು, ಸಂಜೆಯೆಲ್ಲಾ ತಲೆಶೂಲೆಯಿಂದ ಮಲಗಬೇಕಾಯಿತು. ಬೆಳಿಗ್ಗೆ ಏಳರಿಂದ ಹನ್ನೊಂದರ ವರೆಗೆ, ಪುನಃ ಸಂಜೆ ಐದರ ಮೇಲೆ ಬೀದಿಗಳಲ್ಲಿ ತಿರುಗತಕ್ಕದ್ದು. ನಡುವಿನ ಹೊತ್ತನ್ನು ಒಳಗೆ ತಂಪಾಗಿರುವ ವಸ್ತುಸಂಗ್ರಹಾಲಯಗಳಿಗೆ ಕೊಡತಕ್ಕದ್ದು. ಅಪರಾಹ್ನ ಗುಡುಗುಮಳೆ ಬರುವುದುಂಟು; ಕೊಡೆ ಬೇಕು. ಜೂನ್ ೧ರಿಂದ ನವೆಂಬರ್ ೩೦ರ ವರೆಗೆ ಚಂಡಮಾರುತದ ಕಾಲವಾದುದರಿಂದ ಹೊರಡುವ ಹಿಂದಿನ ದಿನ ಹವಾವರ್ತಮಾನವನ್ನು ನೋಡಿಕೊಳ್ಳಬೇಕು. ಊರು ಬಹಳ ತಗ್ಗಾದುದರಿಂದ, ದೊಡ್ಡ ಭರತದ ದಿನಗಳಲ್ಲಿ ಮಳೆಯಿಲ್ಲದಿದ್ದರೂ ಕೆಲವು ಬೀದಿಗಳಿಗೆ ನೀರು ಏರುವುದು ಈಗ ಹೆಚ್ಚಾಗಿದೆ. ಹಳೆಯ ಕಾಲದಲ್ಲಿ ಬೇಸಗೆಯೆಂದರೆ ಇಲ್ಲಿ ಮಲೇರಿಯದ ಕಾಲ. ಮೇ ತಿಂಗಳು ಬಂತೆಂದರೆ ಗದ್ದೆಗಳ ಯಜಮಾನರು ಕುಟುಂಬಸಮೇತರಾಗಿ ತೋಟವನ್ನು ಬಿಟ್ಟು ಕಡಲ ಗಾಳಿ ಬೀಸುವ ಪಟ್ಟಣದ ಮನೆಗಳಿಗೆ ಬಂದುಬಿಡುತ್ತಿದ್ದರು. ಮೊದಲನೆಯ ಇಬ್ಬನಿ ಗಡ್ಡೆಕಟ್ಟುವ ತನಕ ಹಿಂದಿರುಗುತ್ತಿರಲಿಲ್ಲ. ಸೊಳ್ಳೆಗಳ ನಡುವೆ ನೀರಿನಲ್ಲಿ ನಿಂತು ಕಳೆ ಕೀಳುವವರು ಮಾತ್ರ ಅಲ್ಲಿಯೇ ಇರುತ್ತಿದ್ದರು. ನಾವು ಸಂಜೆಯ ಗಾಳಿಗೆ ನಿಂತು ನೋಡುವ ಆ ಸುಂದರವಾದ ಮನೆಗಳಲ್ಲಿ ಅನೇಕವು ಈ ಬೇಸಗೆಯ ಪಲಾಯನಕ್ಕಾಗಿ ಇದ್ದವುಗಳೇ.

ಬಿಡಾರವನ್ನು ಎರಡು ನದಿಗಳ ನಡುವಣ ಹಳೆಯ ಊರಿನಲ್ಲಿಯೇ ಹಿಡಿಯುವುದು ಲೇಸು. ಬಾಡಿಗೆ ಹೆಚ್ಚೆಂಬುದು ನಿಜ. ಆದರೆ ಹೊರಗಿನಿಂದ ಬಂದರೆ ಮೋಟಾರು ನಿಲ್ಲಿಸುವ ಸ್ಥಳಕ್ಕಾಗಿ ಬೆಳಗಿನ ತಂಪಾದ ಹೊತ್ತೆಲ್ಲಾ ಹಾಳಾಗುತ್ತದೆ. ಒಳಗಿದ್ದರೆ ಕಾಲ್ನಡೆಯೇ ಸಾಕು.

ಮೊದಲನೆಯ ದಿನ ಬೆಳಿಗ್ಗೆ ಊರಿನ ದಕ್ಷಿಣದ ತುದಿಯಿಂದ ಆರಂಭಿಸಿರಿ. ಬ್ಯಾಟರಿ ಎಂದು ಕರೆಯಲ್ಪಡುವ ಕಡಲ ಗೋಡೆಯ ಮೇಲೆ ನಿಂತರೆ ನೀರಿನಾಚೆ ದೂರದಲ್ಲಿ ಸಮ್ಟರ್ ಕೋಟೆ ಕಾಣುತ್ತದೆ. ೧೮೬೦ರ ದಶಂಬರ ೨೦ರಂದು ದಕ್ಷಿಣ ಕ್ಯಾರೊಲೈನಾ ಸಂಯುಕ್ತ ಸಂಸ್ಥಾನಗಳಿಂದ ಬೇರೆಯಾಗುವ ನಿರ್ಣಯವನ್ನು ಮಾಡಿದ್ದು ಇದೇ ಪಟ್ಟಣದಲ್ಲಿ. ೧೮೬೧ರ ಏಪ್ರಿಲ್ ೧೨ರಂದು ಆ ಕೋಟೆಯ ಮೇಲೆ ಗುಂಡು ಹಾರಿಸಿದ್ದರಿಂದ ಅಂತರ್ಯುದ್ಧವು ಆರಂಭವಾಯಿತು. ಕೋಟೆಗೆ ದೋಣಿಯಲ್ಲಿ ಹೋಗಿಬರಲು ಅರ್ಧ ದಿನ ಬೇಕು. ಯುದ್ಧಚರಿತ್ರೆಯಲ್ಲಿ ಆಸಕ್ತಿಯಿರುವ ಗಂಡಸರು ಜೊತೆಗಿದ್ದರೆ ಅವರನ್ನು ಕಳುಹಿಸಿಕೊಡಬಹುದು. ಎರಡೇ ದಿನವಿರುವ ಮಿಕ್ಕವರಿಗೆ ದೂರದಿಂದ ನೋಡಿದ್ದೇ ಸಾಕೆಂದು ನನ್ನ ಅಭಿಪ್ರಾಯ.

ಅಲ್ಲಿಂದ ಉತ್ತರಕ್ಕೆ ನಡೆಯುತ್ತಾ ಮನೆಗಳನ್ನು ನೋಡಿರಿ. ಈ ಊರಿನ ಮನೆಗಳ ರೀತಿಯೇ ಬೇರೆ. ಒಂದೇ ಕೋಣೆಯಷ್ಟು ಅಗಲ. ಬೀದಿಗೆ ಮುಖವನ್ನಲ್ಲ, ಪಕ್ಕೆಯನ್ನು ತೋರಿಸಿಕೊಂಡು ನಿಂತಿವೆ. ದಕ್ಷಿಣಕ್ಕೋ ಪಶ್ಚಿಮಕ್ಕೋ ಉದ್ದಕ್ಕೂ ಮಹಡಿಮಹಡಿಗೊಂದು ಜಗಲಿ. ಅದನ್ನು ಅವರು ಪಿಯಾಜ ಎನ್ನುವರು. ಬೀದಿಯ ಬಾಗಿಲನ್ನು ತೆರೆದರೆ ಮನೆಯೊಳಗಲ್ಲ, ಜಗಲಿಗೆ ಬರುತ್ತೇವೆ. ಕಡಲ ಗಾಳಿಯನ್ನು ಹಿಡಿಯಲು ಮಾಡಿದ ಉಪಾಯವಿದು. ಗೋಡೆಗಳಲ್ಲಿ ಅಲ್ಲಲ್ಲಿ ಕಬ್ಬಿಣದ ಬಿಲ್ಲೆಗಳು ಕಾಣುವುವು. ೧೮೮೬ರ ಆಗಸ್ಟ್ ೩೧ರ ರಾತ್ರಿ ಈ ಊರಿನಲ್ಲಿ ಭಯಂಕರವಾದ ಭೂಕಂಪವಾಯಿತು. ಬಿರಿದ ಮನೆಗಳನ್ನು ಉದ್ದನೆಯ ಸರಳುಗಳಿಂದ ಬಿಗಿದಾಗ ಹಾಕಿದ ಬಿಲ್ಲೆಗಳಿವು. ಹಳೆಯ ಇಟ್ಟಿಗೆಗಳನ್ನೂ ಹತ್ತಿರ ಹೋಗಿ ನೋಡಿರಿ. ಕೆಲವುಗಳ ಮೇಲೆ ಬೆರಳುಗಳ ಗುರುತು ಉಂಟು. ಹಸಿಮಣ್ಣನ್ನು ಅಚ್ಚಿನಿಂದ ತೆಗೆದು ಬಿಸಿಲಿಗಿಟ್ಟ ದಾಸರ ಬೆರಳುಗಳು, ಕೆಲವು ಕಡೆ ಬಹಳ ಚಿಕ್ಕ ಬೆರಳುಗಳು. ಮೊಮ್ಮಕ್ಕಳು ಜೊತೆಯಲ್ಲಿದ್ದರೆ ಅವರ ಬೆರಳನ್ನು ಅದರ ಮೇಲಿಡಿಸಿರಿ. ಬೇರೆ ಪಾಠ ಬೇಕಾಗುವುದಿಲ್ಲ.

ಸೇಂಟ್ ಮೈಕೆಲ್ ದೇವಾಲಯದ ಬಿಳಿಯ ಗೋಪುರವನ್ನು ದೂರದಿಂದಲೇ ಗುರುತಿಸಬಹುದು. ೧೭೫೨ರಲ್ಲಿ ಕಟ್ಟಲಾರಂಭಿಸಿ ೧೭೬೧ರಲ್ಲಿ ಮುಗಿಸಿದರು. ಅದರ ಎಂಟು ಗಂಟೆಗಳನ್ನು ಇಂಗ್ಲೆಂಡಿನಿಂದ ತರಿಸಿದರು. ಯುದ್ಧಗಳ ದೆಸೆಯಿಂದ ಅವು ಒಂದಕ್ಕಿಂತ ಹೆಚ್ಚು ಸಲ ಸಮುದ್ರವನ್ನು ದಾಟಿವೆ. ಇಲ್ಲಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ಚಾಮರ್ಸ್ ಬೀದಿ ಎಂಬ ಉರುಟುಗಲ್ಲುಗಳ ಕಿರುಬೀದಿಯುಂಟು. ೧೮೫೬ರ ತನಕ ಈ ಊರಿನಲ್ಲಿ ಮನುಷ್ಯರ ಹರಾಜು ಬಯಲಿನಲ್ಲಿಯೇ, ಸುಂಕದ ಕಟ್ಟೆಯ ಪಕ್ಕದಲ್ಲಿ ನಡೆಯುತ್ತಿತ್ತು. ಅದು ಊರಿನ ಮರ್ಯಾದೆಗೆ ಸರಿಯಾಗಿ ತೋರದ್ದರಿಂದ ನಗರಾಡಳಿತದವರು ಬೀದಿಯ ಹರಾಜನ್ನು ನಿಲ್ಲಿಸಿದರು. ಹರಾಜು ನಿಲ್ಲಲಿಲ್ಲ, ಗೋಡೆಗಳ ಒಳಕ್ಕೆ ಹೋಯಿತು. ಚಾಮರ್ಸ್ ಬೀದಿಯಲ್ಲಿ ಉಳಿದಿರುವ ಹರಾಜಿನ ಮನೆಯಲ್ಲಿ ೧೮೬೩ರ ವರೆಗೂ ತಾಯಿಮಕ್ಕಳ ಮಾರಾಟ ನಡೆಯಿತು. ಈಗ ಅದು ಚಿಕ್ಕ ಸಂಗ್ರಹಾಲಯ. ದೇವಾಲಯದ ಗಂಟೆಯ ಶಬ್ದ ಅಲ್ಲಿಗೆ ಸ್ಪಷ್ಟವಾಗಿ ಕೇಳುತ್ತದೆಂಬುದನ್ನು ಕ್ರೈಸ್ತರಾದ ನಾವು ನಿಂತು ಯೋಚಿಸಬೇಕಾಗಿದೆ.

ಬಿಸಿಲೇರಿದ ಮೇಲೆ ಕೂಪರ್ ನದಿಯ ದಡಕ್ಕೆ, ಗ್ಯಾಡ್ಸ್‌ಡನ್ ಧಕ್ಕೆಗೆ ಹೋಗಿರಿ. ಉತ್ತರ ಅಮೇರಿಕಕ್ಕೆ ತರಲ್ಪಟ್ಟ ಆಫ್ರಿಕನರಲ್ಲಿ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಜನರು ಚಾರ್ಲ್ಸ್‌ಟನ್ನಿನ ಬಂದರಿನಲ್ಲಿಯೇ ಇಳಿದರೆಂದು ಚರಿತ್ರೆಕಾರರ ಅಂದಾಜು. ೧೮೦೮ರ ಆದಿಯಿಂದ ಈ ವ್ಯಾಪಾರವು ಕಾನೂನಿನಿಂದ ನಿಷಿದ್ಧವಾಗುವುದೆಂದು ತಿಳಿದಿದ್ದ ವರ್ತಕರು ಅದಕ್ಕೆ ಮುಂಚಿನ ನಾಲ್ಕು ವರ್ಷಗಳಲ್ಲಿ ಸುಮಾರು ೪೦,೦೦೦ ಮಂದಿಯನ್ನು ಅವಸರದಿಂದ ತಂದು ಸುರಿದರು. ಬೆಲೆಯೇರಲೆಂದು ಉಗ್ರಾಣದಲ್ಲಿ ಕೂಡಿಹಾಕಲ್ಪಟ್ಟವರಲ್ಲಿ ಅನೇಕರು ಚಳಿಯಿಂದ ಸತ್ತರು. ಆ ನೆಲದ ಮೇಲೆ ೨೦೨೩ರ ಜೂನ್ ತಿಂಗಳಲ್ಲಿ ಅಂತರರಾಷ್ಟ್ರೀಯ ಆಫ್ರಿಕನ್ ಅಮೇರಿಕನ್ ವಸ್ತುಸಂಗ್ರಹಾಲಯವನ್ನು ತೆರೆದಿರುವರು. ಆ ನೆಲವನ್ನು ತುಳಿಯಬಾರದೆಂಬಂತೆ ಕಟ್ಟಡವನ್ನು ಕಂಬಗಳ ಮೇಲೆ ಸುಮಾರು ೧೩ ಅಡಿ ಎತ್ತರದಲ್ಲಿ ನಿಲ್ಲಿಸಿದೆ. ಕೆಳಗಿನ ತೋಟದಲ್ಲಿ, ಹಡಗಿನ ತಳದಲ್ಲಿ ಒತ್ತೊತ್ತಾಗಿ ಮಲಗಿಸಲ್ಪಟ್ಟ ಮನುಷ್ಯರ ಆಕೃತಿಗಳನ್ನು ನೆಲದಲ್ಲಿಯೇ ಮೂಡಿಸಿರುವರು. ನೀರು ಅವರ ಮೇಲೆ ಹರಿದು ತುಂಬುವುದೂ ಇಳಿಯುವುದೂ ಆಗುತ್ತಿರುತ್ತದೆ. ಒಳಗೆ ವಂಶಾವಳಿಯನ್ನು ಹುಡುಕುವವರಿಗಾಗಿ ಒಂದು ಶಾಖೆಯುಂಟು. ಇಲ್ಲಿಗೆ ಮೂರು ಗಂಟೆ ಬೇಕು. ಚೀಟಿಯನ್ನು ಮೊದಲೇ ತೆಗೆದಿರಿಸಿರಿ. ವಾರದ ಯಾವ ದಿನ ಮುಚ್ಚಿರುವುದೆಂಬುದನ್ನೂ ವಿಚಾರಿಸಿಕೊಳ್ಳಿರಿ.

ಬಿಡಾರಕ್ಕೆ ಮರಳುವ ದಾರಿಯಲ್ಲಿ ಈಸ್ಟ್ ಬೇ ಬೀದಿಯಿದೆ. ಅಲ್ಲಿ ಗ್ರಿಮ್ಕೆ ಎಂಬ ನ್ಯಾಯಾಧೀಶರ ಕುಟುಂಬವು ವಾಸಿಸಿದ ಮನೆ ಇನ್ನೂ ನಿಂತಿದೆ. ಅವರ ಮಗಳಾದ ಸಾರಾ ಹುಟ್ಟಿದ್ದು ೧೭೯೨ರಲ್ಲಿ, ತಂಗಿಯಾದ ಆಂಜಲೀನಾ ೧೮೦೫ರಲ್ಲಿ. ಸಾರಾ ಬಾಲಕಿಯಾಗಿದ್ದಾಗ, ತನ್ನ ಸೇವೆಗೆ ಕೊಡಲ್ಪಟ್ಟಿದ್ದ ದಾಸಿಹುಡುಗಿಗೆ ರಾತ್ರಿ ಬಾಗಿಲನ್ನು ಮುಚ್ಚಿ, ದೀಪವನ್ನು ಮರೆಮಾಡಿ, ಅಕ್ಷರಗಳನ್ನು ಕಲಿಸುತ್ತಿದ್ದಳು. ಸಿಕ್ಕಿಬಿದ್ದು ತಂದೆಯ ಕೋಪಕ್ಕೆ ಗುರಿಯಾದಳು. ದಾಸರಿಗೆ ಬರೆವಣಿಗೆ ಕಲಿಸುವುದು ೧೭೪೦ರಿಂದಲೇ ಆ ಸೀಮೆಯಲ್ಲಿ ಅಪರಾಧವಾಗಿತ್ತು. ೧೮೩೪ರಲ್ಲಿ ಓದು ಕಲಿಸುವುದನ್ನೂ ಸೇರಿಸಿದರು. ಅಕ್ಕತಂಗಿಯರು ಬೆಳೆದ ಮೇಲೆ ಊರನ್ನೂ ಸುಖವನ್ನೂ ಬಿಟ್ಟು ಉತ್ತರಕ್ಕೆ ಹೋಗಿ, ದಾಸತ್ವಕ್ಕೆ ವಿರೋಧವಾಗಿ ಬಹಿರಂಗ ಸಭೆಗಳಲ್ಲಿ ಮಾತಾಡಿದರು. ಹೆಂಗಸರು ಗಂಡಸರ ಮುಂದೆ ಉಪನ್ಯಾಸ ಮಾಡಬಾರದೆಂದು ಸಭಾಪಾಲಕರೇ ಖಂಡಿಸಿದ ಕಾಲವದು.

ಸಂಜೆ ಪೇಟೆಯ ಸಾಲಿಗೆ ಹೋಗಬಹುದು. ಅಲ್ಲಿ ಗಲ್ಲಾ ಎಂಬ ಜನದ ಹೆಂಗಸರು ಕುಳಿತು ಸುವಾಸನೆಯ ಹುಲ್ಲಿನಿಂದ ಬುಟ್ಟಿಗಳನ್ನು ಹೊಲಿಯುತ್ತಿರುವರು. ಹೆಣೆಯುವುದಲ್ಲ, ಹುಲ್ಲನ್ನು ಸುರುಳಿಯಾಗಿ ಸುತ್ತಿ ತಾಳೆಯ ಜಾತಿಯ ಗರಿಯ ಸೀಳಿನಿಂದ ಹೊಲಿಯುವುದು. ಹಳೆಯ ಚಮಚೆಯ ಹಿಡಿಯೇ ಅವರ ದಬ್ಬಣ. ಈ ವಿದ್ಯೆಯೂ ಪಶ್ಚಿಮ ಆಫ್ರಿಕದಿಂದಲೇ ಬಂದದ್ದು. ಅವರ ಅಗಲವಾದ ಬುಟ್ಟಿಯೊಂದನ್ನು ನೋಡಿದ ಕೂಡಲೆ ನಮ್ಮ ಹೆಂಗಸರಿಗೆ ಗುರುತು ಸಿಕ್ಕುತ್ತದೆ: ಅದು ಬತ್ತವನ್ನು ಕೇರುವ ಮೊರ. ಬೆಲೆ ಹೆಚ್ಚೆಂದು ಚೌಕಾಶಿ ಮಾಡಬೇಡಿರಿ. ಒಂದು ದೊಡ್ಡ ಬುಟ್ಟಿಗೆ ವಾರಗಟ್ಟಲೆ ಕೆಲಸ ಹಿಡಿಯುತ್ತದೆ. ಊಟದಲ್ಲಿಯೂ ನಮಗೆ ಪರಿಚಯವಾದದ್ದು ಬಹಳ. ಅನ್ನಕ್ಕೆ ಅಲಸಂದೆ ಕಾಳು ಬೆರಸಿ ಮಾಡುವ ಹಾಪಿನ್ ಜಾನ್ ಎಂಬ ಅಡಿಗೆ, ಬೆಂಡೆಕಾಯಿಯ ಸಾರು, ಮುಸುಕಿನ ಜೋಳದ ರವೆಯ ಗಂಜಿಯೊಡನೆ ಸಿಗಡಿ ಇವೆಲ್ಲಾ ದೊರೆಯುವುವು. ಕಾಳಿನ ಅನ್ನಕ್ಕೆ ಹಂದಿಮಾಂಸ ಹಾಕುವುದು ವಾಡಿಕೆಯಾದುದರಿಂದ ಬೇಡವಾದವರು ಮೊದಲೇ ಕೇಳಿಕೊಳ್ಳಬೇಕು.

ಎರಡನೆಯ ದಿನ ಬೆಳಿಗ್ಗೆ ಊರಿನ ಹೊರಗಿನ ಒಂದು ತೋಟವನ್ನು ನೋಡಿರಿ, ಒಂದೇ ಒಂದು. ಆಶ್ಲಿ ನದಿಯ ದಡದ ಮಿಡಲ್‌ಟನ್ ತೋಟವು ೧೭೪೧ರಿಂದ ಬೆಳೆದ ಉದ್ಯಾನಕ್ಕೆ ಪ್ರಸಿದ್ಧವಾದದ್ದು. ಕಣ್ಣಿಗೆ ಹಬ್ಬವೇ ಸರಿ. ಆದರೆ ನನ್ನನ್ನು ಕೇಳಿದರೆ ಜೇಮ್ಸ್ ದ್ವೀಪದ ಮಕ್ಲೌಡ್ ತೋಟಕ್ಕೆ ಹೋಗಿರೆಂದು ಹೇಳುವೆನು. ಅದು ಹತ್ತಿರವೂ ಹೌದು, ಅಲ್ಲಿ ದಾಸರ ಮರದ ಗುಡಿಸಲುಗಳು ಸಾಲಾಗಿ ಉಳಿದಿವೆ. ಮಾರ್ಗದರ್ಶಕರು ಯಜಮಾನನ ಮನೆಯಿಂದಲ್ಲ, ಆ ಗುಡಿಸಲುಗಳಿಂದ ಕಥೆಯನ್ನು ಹೇಳುವರು. ೧೯೯೦ರ ವರೆಗೂ ಅವುಗಳಲ್ಲಿ ಜನರು ವಾಸವಾಗಿದ್ದರು.

ಮಧ್ಯಾಹ್ನ ಊರಿಗೆ ಬಂದು ಬುಲ್ ಬೀದಿಯನ್ನು ಹುಡುಕಿರಿ. ಗಾಡಿಯವರು ಸಾಮಾನ್ಯವಾಗಿ ತೋರಿಸದ ಸ್ಥಳವಿದು. ಆದರೆ ಮಿಶನ್ ಶಾಲೆಯಲ್ಲಿ ಕಲಿತ ನಮಗೆ ಇದಕ್ಕಿಂತ ಮುಖ್ಯವಾದದ್ದು ಆ ಊರಿನಲ್ಲಿಲ್ಲ. ಅಂತರ್ಯುದ್ಧವು ಮುಗಿದ ೧೮೬೫ರಲ್ಲಿಯೇ ಅಮೇರಿಕನ್ ಮಿಶನೆರಿ ಅಸೋಸಿಯೇಷನ್ನಿನವರು ಬಿಡುಗಡೆ ಹೊಂದಿದ ದಾಸರ ಮಕ್ಕಳಿಗಾಗಿ ಇಲ್ಲಿ ಶಾಲೆಯನ್ನು ಆರಂಭಿಸಿದರು. ೧೮೬೮ರಲ್ಲಿ ಬುಲ್ ಬೀದಿಯ ಕಟ್ಟಡವಾಯಿತು; ಏವರಿ ನಾರ್ಮಲ್ ಇನ್‌ಸ್ಟಿಟ್ಯೂಟ್ ಎಂದು ಅದರ ಹೆಸರು. ಅಕ್ಷರ ಕಲಿಸುವುದು ಅಪರಾಧವಾಗಿದ್ದ ಊರಿನಲ್ಲಿ ಅದು ಉಪಾಧ್ಯಾಯಿನಿಯರನ್ನು ತಯಾರು ಮಾಡುವ ಶಾಲೆಯಾಯಿತು. ೧೯೫೪ರಲ್ಲಿ ಶಾಲೆ ಮುಚ್ಚಿತು; ಹಳೇ ವಿದ್ಯಾರ್ಥಿಗಳು ಮುಂದೆ ಬಂದು ಕಟ್ಟಡವನ್ನು ಉಳಿಸಿಕೊಂಡದ್ದರಿಂದ, ಅದು ೧೯೮೫ರಿಂದ ಚಾರ್ಲ್ಸ್‌ಟನ್ ಕಾಲೇಜಿಗೆ ಸೇರಿದ ಸಂಶೋಧನ ಕೇಂದ್ರವಾಗಿದೆ.

ಆ ಶಾಲೆಯಲ್ಲಿ ಕಲಿತು ೧೯೧೬ರಲ್ಲಿ ತೇರ್ಗಡೆಯಾದ ಒಬ್ಬ ಅಗಸಗಿತ್ತಿಯ ಮಗಳು ಸೆಪ್ಟಿಮಾ ಪಾಯಿನ್‌ಸೆಟ್. ಆಕೆಯ ತಂದೆ ದಾಸನಾಗಿ ಹುಟ್ಟಿದವನು. ಅವನ ಯಜಮಾನನ ಹೆಸರೇ ಮನೆತನದ ಹೆಸರಾಯಿತು. ಆ ಯಜಮಾನನಾದ ಜೋಯೆಲ್ ಪಾಯಿನ್‌ಸೆಟ್ ಮೆಕ್ಸಿಕೋದಿಂದ ತಂದ ಕೆಂಪು ಹೂವಿನ ಗಿಡಕ್ಕೂ ಅದೇ ಹೆಸರು. ಕ್ರಿಸ್ಮಸ್ಸಿನಲ್ಲಿ ನಾವು ದೇವಾಲಯದ ಮೆಟ್ಟಲುಗಳ ಮೇಲೆ ಸಾಲಾಗಿಡುವ ಪಾಯಿನ್‌ಸೆಟ್ಟಿಯ ಅದೇ. ಚಾರ್ಲ್ಸ್‌ಟನ್ನಿನ ಸರಕಾರಿ ಶಾಲೆಗಳಲ್ಲಿ ಆಗ ಕರಿಯರಿಗೆ ಉಪಾಧ್ಯಾಯ ಕೆಲಸವನ್ನು ಕೊಡುತ್ತಿರಲಿಲ್ಲವಾದ್ದರಿಂದ ಸೆಪ್ಟಿಮಾ ದೋಣಿ ಹತ್ತಿ ಜಾನ್ಸ್ ದ್ವೀಪಕ್ಕೆ ಹೋಗಿ ಹಳ್ಳಿಯ ಮಕ್ಕಳಿಗೆ ಕಲಿಸಿದಳು. ೧೯೧೯ರಲ್ಲಿ ಏವರಿಗೆ ಬಂದು ಪಾಠ ಹೇಳುತ್ತಾ, ಮನೆಮನೆಗೆ ತಿರುಗಿ ಅರ್ಜಿಗೆ ರುಜು ಸಂಪಾದಿಸಿದವರಲ್ಲಿ ಒಬ್ಬಳಾದಳು. ಮರುವರ್ಷವೇ ಆ ನಿರ್ಬಂಧವು ತೆಗೆದುಹಾಕಲ್ಪಟ್ಟಿತು. ಕ್ಲಾರ್ಕ್ ಎಂಬವರನ್ನು ಮದುವೆಯಾಗಿ ಸೆಪ್ಟಿಮಾ ಕ್ಲಾರ್ಕ್ ಎಂದು ಖ್ಯಾತಳಾದ ಈಕೆ ಸುಮಾರು ನಾಲ್ವತ್ತು ವರ್ಷ ಪಾಠ ಹೇಳಿದ ಬಳಿಕ, ೧೯೫೬ರಲ್ಲಿ, ಕರಿಯರ ಹಕ್ಕುಗಳಿಗಾಗಿ ದುಡಿಯುವ ಸಂಘದ ಸದಸ್ಯಳೆಂಬ ಕಾರಣದಿಂದ ಕೆಲಸವನ್ನೂ ಪಿಂಚಣಿಯನ್ನೂ ಕಳೆದುಕೊಂಡಳು. ಮತದಾನಕ್ಕೆ ಹೆಸರು ದಾಖಲಾಗಬೇಕಾದರೆ ಓದು ಬರುವುದೆಂದು ರುಜುವಾತು ತೋರಿಸಬೇಕಾಗಿದ್ದ ದಿನಗಳವು. ೧೯೫೭ರ ಜನವರಿಯಲ್ಲಿ ಜಾನ್ಸ್ ದ್ವೀಪದ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ವಯಸ್ಸಾದವರಿಗೆ ಓದು ಕಲಿಸುವ ತರಗತಿಯು ಆರಂಭವಾಯಿತು. ಪಾಠ ಹೇಳಿದವಳು ಸೆಪ್ಟಿಮಾಳ ಬಂಧುವಾದ ಬರ್ನೀಸ್ ರಾಬಿನ್ಸನ್, ವೃತ್ತಿಯಿಂದ ಕೇಶಾಲಂಕಾರ ಮಾಡುವವಳು. ಅದೇ ಮಾದರಿಯ ತರಗತಿಗಳು ದಕ್ಷಿಣ ಸೀಮೆಯಲ್ಲೆಲ್ಲಾ ಹಬ್ಬಿದುವು.

ಪ್ರವಾಸವನ್ನು ಭಾನುವಾರದಂದು ಮುಗಿಯುವಂತೆ ಗೊತ್ತುಮಾಡಿಕೊಂಡರೆ ಕ್ಯಾಲ್‌ಹೂನ್ ಬೀದಿಯ ಇಮಾನ್ಯುವೆಲ್ ದೇವಾಲಯದಲ್ಲಿ ಆರಾಧನೆಗೆ ಹೋಗಬಹುದು. ದಕ್ಷಿಣದಲ್ಲಿ ಆಫ್ರಿಕನ್ ಮೆಥೊಡಿಸ್ಟರ ಅತ್ಯಂತ ಹಳೆಯ ಸಭೆಯಿದು. ೧೮೨೨ರಲ್ಲಿ, ಹಣ ಕೊಟ್ಟು ತನ್ನ ಬಿಡುಗಡೆಯನ್ನು ಪಡೆದಿದ್ದ ಡೆನ್ಮಾರ್ಕ್ ವೀಸಿ ಎಂಬ ಬಡಗಿಯು ದಂಗೆಗೆ ಯತ್ನಿಸಿದನೆಂದು ಅವನನ್ನೂ ಇನ್ನು ೩೪ ಮಂದಿಯನ್ನೂ ಗಲ್ಲಿಗೇರಿಸಿದರು. ಅವನು ಈ ಸಭೆಗೆ ಸೇರಿದವನಾದುದರಿಂದ ದೇವಾಲಯವನ್ನು ನೆಲಸಮ ಮಾಡಿದರು. ೧೮೩೪ರಲ್ಲಿ ಕರಿಯರ ಸಭೆಗಳೇ ನಿಷಿದ್ಧವಾದುವು. ೧೮೬೫ರ ವರೆಗೆ ಗುಟ್ಟಾಗಿ ಕೂಡಿ ಆರಾಧಿಸಿದರು. ಈಗಿನ ಕಟ್ಟಡವು ೧೮೯೧ರದು. ಬೀದಿಯ ಹೆಸರು ದಾಸತ್ವವನ್ನು ಎತ್ತಿಹಿಡಿದ ರಾಜಕಾರಣಿಯದು. ಹತ್ತಿರದ ಚೌಕದಲ್ಲಿ ಎತ್ತರದ ಕಂಬದ ಮೇಲಿದ್ದ ಅವನ ವಿಗ್ರಹವನ್ನು ೨೦೨೦ರ ಜೂನ್ ತಿಂಗಳಲ್ಲಿ ಇಳಿಸಿದರು.

೨೦೧೫ರ ಜೂನ್ ೧೭ರ ಬುಧವಾರ ಸಂಜೆ ಈ ದೇವಾಲಯದ ಕೆಳಗಿನ ಕೋಣೆಯಲ್ಲಿ ಸತ್ಯವೇದ ಪಾಠ ನಡೆಯುತ್ತಿತ್ತು. ಪಾಠವು ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯ, ಬಿತ್ತುವವನ ಸಾಮ್ಯ. ಒಬ್ಬ ಬಿಳಿಯ ಯುವಕನು ಬಂದನು. ಕುರ್ಚಿ ಕೊಟ್ಟು ಕೂರಿಸಿಕೊಂಡರು. ಸುಮಾರು ಒಂದು ಗಂಟೆ ಅವರೊಡನೆ ಕುಳಿತಿದ್ದು, ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಪಿಸ್ತೂಲಿನಿಂದ ಒಂಬತ್ತು ಜನರನ್ನು ಕೊಂದನು. ಸಭಾಪಾಲಕರಾದ ಕ್ಲೆಮೆಂಟಾ ಪಿಂಕ್ನಿಯವರೂ ಅವರಲ್ಲೊಬ್ಬರು. ಎರಡೇ ದಿನಗಳ ಮೇಲೆ ನ್ಯಾಯಾಲಯದಲ್ಲಿ, ಸತ್ತವರ ಬಂಧುಗಳಲ್ಲಿ ಕೆಲವರು ಅವನಿಗೆ ತಾವು ಕ್ಷಮಿಸುವೆವೆಂದು ಹೇಳಿದರು. ಎಲ್ಲರೂ ಹಾಗೆ ಹೇಳಲಾರದೆ ಹೋದರೆಂಬುದನ್ನೂ ಮರೆಯಬಾರದು. ಕ್ಷಮೆಯನ್ನು ಹೊಗಳುವುದು ದೂರದಲ್ಲಿರುವ ನಮಗೆ ಸುಲಭ.

ಆ ದೇವಾಲಯಕ್ಕೆ ಹೋಗುವವರು ನೋಟಕ್ಕೆ ಬಂದವರಂತೆ ನಡುವೆ ಎದ್ದುಹೋಗಬಾರದು, ಚಿತ್ರಗಳನ್ನು ತೆಗೆಯಬಾರದು. ಆರಾಧನೆಯ ಹೊತ್ತನ್ನು ಮೊದಲೇ ವಿಚಾರಿಸಿ, ಸ್ವಲ್ಪ ಮುಂಚಿತವಾಗಿ ಹೋಗಿ, ಕೊನೆಯ ವರೆಗೆ ಕುಳಿತಿರಬೇಕು. ಸೀರೆ ಉಟ್ಟುಕೊಂಡು ಹೋದರೆ ಎಲ್ಲಿಂದ ಬಂದಿರೆಂದು ಪಕ್ಕದವರು ಪ್ರೀತಿಯಿಂದ ಕೇಳುವರು. ಭಾನುವಾರದ ತನಕ ಉಳಿಯಲಾರದೆ ವಾರದ ನಡುವೆ ಬಂದವರು ಬುಧವಾರದ ಸತ್ಯವೇದ ಪಾಠವಿದೆಯೇ ಎಂದು ಕೇಳಬಹುದು. ಕೊಲೆಯಾದ ಮುಂದಿನ ಬುಧವಾರ, ೨೦೧೫ರ ಜೂನ್ ೨೪ರಂದು, ಅದೇ ಕೋಣೆಯಲ್ಲಿ ಪಾಠವು ನಡೆಯಿತು; ಹಿಂದಿನ ವಾರ ಹನ್ನೆರಡು ಮಂದಿ ಸೇರಿದ್ದ ಆ ಕೋಣೆಗೆ ಅಂದು ಬಂದವರು ಸುಮಾರು ನೂರೈವತ್ತು ಮಂದಿ.